ಹೆಸರು ಕೂಗಿದವನ ಬಾಗಿಲು

ಡಾರ್ಕಸ್ ಆ ಮನುಷ್ಯನ ಹೆಸರನ್ನು ಮೊದಲ ಸಲ ಕೇಳಿದ್ದು ಎಲೆಕ್ಷನ್ ನಡೆದ ಮಂಗಳವಾರ. ಮಾರ್ಲೋ ಫೋರ್ಡ್ ಊರಿನ ಕೋರ್ಟಿನ ಎದುರಿಗೇ ಪರ್ನೆಲ್ ಎಂಬವನ ಹೋಟೆಲಿತ್ತು. ಅದರ ಹಿತ್ತಲಿನ ಅಡಿಗೆಮನೆಯಲ್ಲಿ ಅವಳು ಕೋಳಿ ಕೂಗುವ ಮೊದಲೇ ಎದ್ದು ಒಲೆ ಹೊತ್ತಿಸಿದ್ದಳು. ಓಟು ಹಾಕಲು ನಾಲ್ಕು ದಿಕ್ಕಿನಿಂದ ಗಂಡಸರು ಬರುವವರಿದ್ದರು. ಅವರಿಗೆ ಹಂದಿತೊಡೆ ಬೇಯಬೇಕು, ಮೆಕ್ಕೆಜೋಳದ ರೊಟ್ಟಿ ಬೇಯಬೇಕು, ಕಾಫಿ ಹಂಡೆಗಟ್ಟಲೆ ಕುದಿಯಬೇಕು. ಅವಳಿಗೆ ಆಗ ಇಪ್ಪತ್ತಾರು ವರ್ಷ. ಪರ್ನೆಲ್ ಒಮ್ಮೆ ಉಯಿಲು ಬರೆಸಿದಾಗ ತಾಮ್ರದ ಹಂಡೆಗಳೂ ಡಾರ್ಕಸಳೂ ಒಂದೇ ಹಾಳೆಯಲ್ಲಿ ಬಂದಿದ್ದರು. ಹಂಡೆಗಳು ಮೊದಲು.

ಸೌದೆ ಒಡೆಯುವ ಮುದುಕ ಜೂಬಾ ತೋಳ ತುಂಬ ಸೌದೆ ಹೊತ್ತು ಒಳಗೆ ಬಂದವನು ಅದನ್ನು ಇಳಿಸುವುದನ್ನೇ ಮರೆತು ನಿಂತ.

“ಮಗಳೇ, ಒಬ್ಬ ಹೇಳ್ಬಿಟ್ಟ.”

“ಏನು ಹೇಳ್ದ? ಸೌದೆ ಇಳಿಸಿ ಮಾತಾಡು ತಾತ.”

“ಆ ಹೆಸರು. ಕೋರ್ಟ್ ಅಂಗಳದಲ್ಲಿ ಅಷ್ಟು ಜನರ ಮಧ್ಯೆ ನಿಂತ್ಕೊಂಡು ಹೇಳ್ಬಿಟ್ಟ.”

ಡಾರ್ಕಸ್ ಸೌಟನ್ನು ಕೆಳಗಿಟ್ಟಳು. ಆ ವರ್ಷ ಅಧ್ಯಕ್ಷ ಪದವಿಗೆ ನಾಲ್ವರು ನಿಂತಿದ್ದರು. ಒಬ್ಬ ಕೆಂಟಕಿಯವನೇ, ಒಬ್ಬ ಟೆನಸಿಯ ಮುದುಕ, ಒಬ್ಬ ಗಿಡ್ಡ. ಈ ಮೂವರ ಹೆಸರನ್ನು ಊಟದ ಮೇಜಿನಲ್ಲಿ ಎಷ್ಟು ಬೇಕಾದರೂ ಕೂಗಾಡಬಹುದಿತ್ತು. ನಾಲ್ಕನೆಯವನ ಹೆಸರು ಬಂದರೆ ಮಾತ್ರ ಪರ್ನೆಲ್ ತಲೆ ತಿರುಗಿಸಿ, ತಟ್ಟೆ ಹಿಡಿದ ಡಾರ್ಕಸಳ ಮುಖ ನೋಡುತ್ತಿದ್ದ. ಅವಳು ಮುಖವನ್ನು ಗೋಡೆ ಮಾಡಿಕೊಂಡು ತಟ್ಟೆ ಇಡುತ್ತಿದ್ದಳು. ಆ ನಾಲ್ಕನೆಯವನು ಗೆದ್ದರೆ ಗುಲಾಮರನ್ನೆಲ್ಲ ಬಿಡಿಸುತ್ತಾನೆ ಎಂದು ಒಡೆಯರೇ ಒಬ್ಬರಿಗೊಬ್ಬರು ಹೆದರಿಸಿಕೊಳ್ಳುತ್ತಿದ್ದರು. ಅವನು ಹಾಗೆ ಹೇಳಿದ್ದನೋ ಇಲ್ಲವೋ, ಅಡಿಗೆಮನೆಗೆ ಆ ಸುದ್ದಿ ತಲುಪಿದ್ದು ಒಡೆಯರ ಬಾಯಿಂದಲೇ.

ಕೆಂಟಕಿ ರಾಜ್ಯದಲ್ಲಿ ಓಟಿಗೆ ಚೀಟಿ ಇರಲಿಲ್ಲ. ಮೇಜಿನ ಮುಂದೆ ಹೋಗಿ ನಿಲ್ಲಬೇಕು. ಷರೀಫ್ ಹೆಸರು ಹಿಡಿದು ಕೂಗಿ ಯಾರಿಗೆ ಎಂದು ಕೇಳುತ್ತಾನೆ. ಬಾಯಿಬಿಟ್ಟು ಹೇಳಬೇಕು. ಗುಮಾಸ್ತ ಬರೆದುಕೊಳ್ಳುತ್ತಾನೆ. ಯಾರ ಜಮೀನಿನಲ್ಲಿ ಮನೆ ಕಟ್ಟಿಕೊಂಡಿದ್ದೀಯೋ ಅವನೂ, ಯಾರು ನಿನಗೆ ಕೆಲಸ ಕೊಡುತ್ತಾನೋ ಅವನೂ ಅಲ್ಲೇ ಕೈಕಟ್ಟಿ ನಿಂತು ಕೇಳುತ್ತಿರುತ್ತಾರೆ.

“ಯಾರು ತಾತ?”

“ಹೈರಮ್ ಕೆಲ್ಸೊ ಅಂತ. ನದಿ ದಾರೀಲಿ ಕುರ್ಚಿ ಮಾಡ್ಕೊಂಡಿದಾನಲ್ಲ. ತಾನು ಮಾಡಿದ ಕುರ್ಚಿ ಥರಾನೇ ಇದಾನೆ, ಬರೀ ಕೈಕಾಲು. ಷರೀಫ್ ಕೇಳ್ದ, ಇವನು ಟೋಪಿ ತೆಗೆದ. ಚರ್ಚಲ್ಲಿ ತೆಗೀತಾರಲ್ಲ, ಹಾಗೆ. ‘ಅಬ್ರಹಾಂ ಲಿಂಕನ್’ ಅಂದ. ಗುಮಾಸ್ತ ಲೇಖನಿ ಎತ್ತಿ, ‘ಕೆಲ್ಸೊ, ಯೋಚನೆ ಮಾಡಿ ಇನ್ನೊಂದ್ಸಲ ಹೇಳಪ್ಪ’ ಅಂದ. ಇನ್ನೊಂದ್ಸಲ ಹೇಳ್ದ. ಈ ಸಲ ಕುದುರೆಗಳಿಗೂ ಕೇಳಿಸ್ತು.”

“ಆಮೇಲೆ?”

“ಆಮೇಲೇನು. ಟೋಪಿ ಹಾಕ್ಕೊಂಡು ನಡೆದ. ಬೆನ್ನಿಗೆ ಲದ್ದಿ ಎಸೆದ್ರು. ತಿರುಗಿ ನೋಡ್ಲಿಲ್ಲ.” ಜೂಬಾ ಆಗ ಸೌದೆ ಇಳಿಸಿದ. “ಮೂರು ಜಿಲ್ಲೆ ಪ್ರಾಣಿಗಳನ್ನ ನೋಡಿದೀನಿ ನಾನು. ಇಂಥದ್ದನ್ನ ನೋಡಿರ್ಲಿಲ್ಲ.”

“ಯಾಕೆ ಹಾಗೆ ಮಾಡ್ದ? ಅವನಿಗೇನು ಬಂತು?”

ಜೂಬಾಗೆ ಕಾರಣವೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಕೋರ್ಟಿನವರು ಕೆಲ್ಸೊಗೆ ಓಕ್ ಮರದ ಒಂದು ಗಟ್ಟಿ ಪೀಠ ಹೇಳಿದ್ದರು. ಎರಡು ಮೆಟ್ಟಿಲು, ಒಬ್ಬರು ನಿಲ್ಲುವಷ್ಟು ಅಗಲ. ಯಾತಕ್ಕೆಂದು ಅವನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೊಸ ವರ್ಷದ ದಿನ, ಗುಲಾಮರನ್ನು ಮಾರುವ ದಿನ, ಅವನು ಕೋರ್ಟಿನ ಅಂಗಳ ಹಾದು ಹೋಗುವಾಗ ಅದರ ಮೇಲೆ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ನಿಂತಿದ್ದಳು. ಪೀಠ ಅಲುಗುತ್ತಿತ್ತು. ಹರಾಜು ಕೂಗುವವನು, “ನೋಡಿ ಸ್ವಾಮಿ, ಹೆಂಗಸು ಗಟ್ಟಿ, ಪೀಠ ಮಾತ್ರ ಸಡಿಲ” ಎಂದು ನಗಿಸುತ್ತಿದ್ದ. ಕೆಲ್ಸೊ ಗುಂಪು ಸೀಳಿಕೊಂಡು ಮುಂದೆ ಹೋದ, ಮಂಡಿಯೂರಿದ, ಜೇಬಿನಿಂದ ಒಂದು ಮರದ ಚಕ್ಕೆ ತೆಗೆದು ಕಾಲಿನ ಸಂದಿಗೆ ಬಡಿದು ಪೀಠವನ್ನು ಬಿಗಿ ಮಾಡಿಕೊಟ್ಟ. ಮೇಲೆ ನೋಡಿದಾಗ ಆ ಹೆಂಗಸು ಅವನನ್ನೇ ನೋಡುತ್ತಿದ್ದಳು.

“ಕೈ ತಾನಾಗೇ ಹೋಯ್ತು ಅಂತ ಕಮ್ಮಾರನ ಹತ್ರ ಅತ್ತನಂತೆ” ಎಂದ ಜೂಬಾ. “ಅವತ್ತಿಂದ ಆ ಮನುಷ್ಯ ನೆಟ್ಟಗಿಲ್ಲ.”

ಡಾರ್ಕಸಳ ಎದೆಯಲ್ಲಿ ಕೂತದ್ದು ಅತ್ತ ಸುದ್ದಿಯಲ್ಲ, ಕೂಗಿದ ಸುದ್ದಿ. ಸೆಣಬು ಬೆಳೆಯುವ ಕರ್ನಲ್ ಬ್ಯಾಸ್ಕಮನ ತೋಟದಲ್ಲಿ ಅವಳ ಗಂಡ ಐಸಮ್ ಇದ್ದ. ಶನಿವಾರ ಸಂಜೆ ಒಡೆಯನ ಅಪ್ಪಣೆ ಚೀಟಿ ಹಿಡಿದು ನಾಲ್ಕು ಮೈಲಿ ನಡೆದು ಬರುತ್ತಿದ್ದ. ಆ ಶನಿವಾರ ಅವನು ಬಂದಾಗ ಅವಳು ಆ ಹೆಸರನ್ನು ಅವನ ಕಿವಿಯಲ್ಲಿ ಉಸುರಿ, ಹೇಳಿದವನ ಹೆಸರನ್ನೂ ಉಸುರಿದಳು. ಐಸಮ್, “ಅವನ ಹೆಂಡ್ತಿ ಏನಂದ್ಳೋ ಪಾಪ” ಎಂದ.

“ಹೆಂಡ್ತಿ ಇಲ್ವಂತೆ.”

“ಅದಕ್ಕೇ ಧೈರ್ಯ” ಎಂದು ನಕ್ಕ. ಹಾಗೆಂದು ನಗುವ ಮನುಷ್ಯ ಐಸಮ್.

ನಾಲ್ಕನೆಯವನೇ ಗೆದ್ದ. ಊರಿನ ಸಿಟ್ಟೆಲ್ಲ ಕೈಗೆ ಸಿಗುವ ಒಬ್ಬನ ಮೇಲೆ ತಿರುಗಿತು. ಕೆಲ್ಸೊ ಮಾಡಿದ ಕುರ್ಚಿಗಳನ್ನು ಜನ ಬೀದಿಗೆ ತಂದು ಮುರಿದರು. ಅವನು ಒಣಗಲು ಇಟ್ಟಿದ್ದ ಮರಕ್ಕೆ ಯಾರೋ ಬೆಂಕಿ ಇಟ್ಟರು. ಊರಿನ ನಾಲ್ಕಾರು ಪುಂಡರಿಗೆ ಇನ್ನೊಂದು ಆಟ ಸಿಕ್ಕಿತು. ಅವನ ಬಾಗಿಲು ತಟ್ಟುವುದು, ಓಡಿಬಂದ ಗುಲಾಮರ ಹಾಗೆ ದನಿ ಕುಗ್ಗಿಸಿ, “ಧಣೀ, ಕಾಪಾಡಿ ಧಣೀ” ಎಂದು ಅಳುವುದು. ಅವನು ತೆಗೆದನೋ, ಗುಲಾಮರನ್ನು ಅಡಗಿಸುತ್ತಾನೆ ಎಂದು ಹಿಡಿದು ಜೈಲಿಗೆ ಹಾಕುವುದು. ಪರ್ನೆಲ್‌ನ ಮೇಜಿನಲ್ಲಿ ಕೂತು ಅವರು ಅದನ್ನು ಮಾಡಿ ತೋರಿಸುತ್ತಿದ್ದರು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಡಾರ್ಕಸ್ ಗ್ರೇವಿಯ ಬಟ್ಟಲು ಹಿಡಿದು ಅದನ್ನು ಎರಡು ಸಲ ಕೇಳಿದ್ದಳು. ಬಿಳಿ ಕುಡುಕರ ಆಟ, ತನಗೇನು ಎಂದು ಬಟ್ಟಲಿಟ್ಟು ಒಳಗೆ ಹೋಗಿದ್ದಳು.

ಕ್ರಿಸ್‌ಮಸ್ ವಾರ ಬಂತು. ಆ ಒಂದು ವಾರ ತೋಟಗಳಲ್ಲಿ ಕೆಲಸವಿಲ್ಲ; ಬೇರೆ ಒಡೆಯರ ಹತ್ತಿರ ಹೆಂಡತಿ ಇದ್ದವರಿಗೆ ಚೀಟಿ ಸಿಗುತ್ತಿತ್ತು. ಐಸಮ್ ಬಂದವನು ಉಣ್ಣಲಿಲ್ಲ. ಅವನಿಗೆ ಇಷ್ಟವೆಂದು ಮಾಡಿದ ಕೋಳಿಯ ಕಡುಬನ್ನು ತಟ್ಟೆಯಲ್ಲೇ ತಿರುಗಿಸುತ್ತ ಕೂತ.

“ಏನಾಯ್ತು?”

“ಕರ್ನಲ್ ಸಾಹೇಬ್ರು ದಕ್ಷಿಣದ ವ್ಯಾಪಾರಿ ಹತ್ರ ಮಾತಾಡಿದಾರೆ. ನಾಲ್ಕು ಜನ. ಹೊಸ ವರ್ಷದ ದಿನ ಪೀಠ ಹತ್ತೋದು. ನಾಲ್ಕರಲ್ಲಿ ನಾನೂ ಒಬ್ಬ.”

“ಯಾರು ಹೇಳಿದ್ದು?”

“ಕರ್ನಲ್ ಮನೇಲಿ ಊಟ ಬಡಿಸೋಳು ಕೇಳಿಸ್ಕೊಂಡಿದಾಳೆ. ಹುಡ್ಗಿ ಸುಳ್ಳು ಹೇಳೋಳಲ್ಲ.”

ನದಿ ಒಂಬತ್ತು ಮೈಲಿ. ಆಚೆ ದಡದಲ್ಲಿ ಗುಲಾಮಗಿರಿ ಇಲ್ಲ. ಚೀಟಿಯ ದೆಸೆಯಿಂದ ಹೊಸ ವರ್ಷದವರೆಗೆ ಅವನನ್ನು ಯಾರೂ ಹುಡುಕುವುದಿಲ್ಲ. ಚೀಟಿ ಮಾತ್ರ ಈ ಊರಿನವರೆಗೇ. ಮುಂದಿನ ದಾರಿಯಲ್ಲಿ ಚೀಟಿಯಿಲ್ಲದ ಗುಲಾಮರನ್ನು ಹಿಡಿಯುವ ಗಸ್ತಿನವರು ಕುದುರೆ ಮೇಲೆ ತಿರುಗುತ್ತಿರುತ್ತಾರೆ. ಮುಂದಕ್ಕೆ ಇನ್ನೊಂದು ಚೀಟಿ ಬರೆದುಕೊಡುವವರು ಒಬ್ಬರು ಬೇಕು. ಕತ್ತಲಾಗುವವರೆಗೆ ಅಡಗಲು ಒಂದು ಸೂರು ಬೇಕು. ಡಾರ್ಕಸ್ ಒಂದು ಗಳಿಗೆಯೂ ಯೋಚಿಸಲಿಲ್ಲ.

“ಕೆಲ್ಸೊ ಹತ್ರ ಹೋಗು. ನಾಲ್ಕನೇ ಮೈಲೀಲಿ ಒಂಟಿ ಮನೆ. ಅವನಿಗೆ ಬರಿಯೋಕೆ ಬರುತ್ತೆ.”

ಮೂಲೆಯಲ್ಲಿ ಪೈಪು ಸೇದುತ್ತಿದ್ದ ಜೂಬಾ ಕೆಮ್ಮಿದ. “ಮಗಳೇ, ಅವನು ಒಂದು ಹೆಸರು ಹೇಳಿದ. ಅಷ್ಟೇ. ಬಾಗಿಲು ತೆಗೀತೀನಿ ಅಂತ ಯಾರಿಗೂ ಹೇಳಿಲ್ಲ.”

“ಅಷ್ಟು ಜನರ ಎದುರು ಬಾಯಿ ತೆಗೆದವನು ಒಬ್ಬನಿಗೆ ಬಾಗಿಲು ತೆಗೆಯಲ್ವಾ?”

“ಅದು ಬೇರೆ, ಇದು ಬೇರೆ.”

“ನಿಂಗೆ ವಯಸ್ಸಾಯ್ತು ತಾತ, ಎಲ್ಲಕ್ಕೂ ಹೆದರ್ತೀಯಾ.”

“ಹೆದರಿದ್ದಕ್ಕೇ ವಯಸ್ಸಾಗಿರೋದು” ಎಂದ ಜೂಬಾ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಐಸಮ್ ಹೆಂಡತಿಯ ಮುಖ ನೋಡಿದ. “ನಿನಗೆ ಧೈರ್ಯ ಇದೆಯಾ?”

“ಇದೆ.”

“ಹಾಗಾದ್ರೆ ನಂಗೂ ಇದೆ.”

ಶುಕ್ರವಾರ ಬೆಳಿಗ್ಗೆ ಹೊಲದ ಬೇಲಿಯೂ ಕಾಣದಷ್ಟು ಮಂಜು. ಅವಳು ಬಟ್ಟೆಯಲ್ಲಿ ರೊಟ್ಟಿ, ಮಾಂಸ ಕಟ್ಟಿಕೊಟ್ಟಳು. “ನಿನ್ನ ಹೆಸರು ಹೇಳ್ಬೇಡ. ನನ್ನ ಹೆಸರು ಹೇಳು. ಪರ್ನೆಲ್ ಹೋಟೆಲಿನ ಅಡಿಗೆಯವಳು ಡಾರ್ಕಸ್ ಕಳಿಸಿದ್ದು ಅನ್ನು” ಎಂದಳು. ಐಸಮ್ ಹತ್ತು ಹೆಜ್ಜೆ ಇಟ್ಟದ್ದು ಕಂಡಿತು. ಹನ್ನೊಂದನೆಯದು ಕಾಣಲಿಲ್ಲ.

ಮಧ್ಯಾಹ್ನದ ಊಟಕ್ಕೆ ಗಸ್ತಿನವರು ಬಂದರು. ಬೂಟಿನ ಕೆಸರು ಝಾಡಿಸುತ್ತ ಒಬ್ಬ ಹೇಳುತ್ತಿದ್ದ: “ಕೆಲ್ಸೊ ಮನೆ ಮೆಟ್ಟಿಲ ಮೇಲೆ ಕೂತಿತ್ತು ಕಣೋ ಹಕ್ಕಿ. ಮರಕುಟಿಗನ ಥರ ಬಾಗಿಲು ಕುಟ್ಟಿ ಕುಟ್ಟಿ ಸುಸ್ತಾಗಿ ಕೂತಿತ್ತು.”

“ಕೆಲ್ಸೊ?”

“ಮನೇಲೇ ಇರ್ಲಿಲ್ವಂತೆ. ಕುರ್ಚಿ ಸೀಟು ಹೆಣಿಯೋ ಹಿಕರಿ ಮರದ ತೊಗಟೆ ಸುಲಿಯೋಕೆ ಕಾಡಿಗೆ ಹೋಗಿದ್ನಂತೆ, ಆಮೇಲೆ ಬಂದು ಅವನೇ ಹೇಳ್ದ. ಅವನ ಅದೃಷ್ಟ. ಇದ್ದಿದ್ರೆ ಅವನನ್ನೂ ಕಟ್ಟಿ ತರ್ತಿದ್ವಿ.”

ಡಾರ್ಕಸ್ ಅವರ ಮುಂದೆ ತಟ್ಟೆಗಳನ್ನಿಟ್ಟಳು. ಆರು ತಟ್ಟೆ. ಒಂದೂ ಕೈಜಾರಲಿಲ್ಲ.

ಹೊಸ ವರ್ಷದ ದಿನ ಪರ್ನೆಲ್ ಅವಳನ್ನು ಮಹಡಿಯ ಕೋಣೆಗಳ ಹಾಸಿಗೆ ಕೊಡವಲು ಕಳಿಸಿದ. ದಯೆಯಿಂದಲೋ, ಕೆಳಗೆ ಅತ್ತು ಗಿರಾಕಿಗಳಿಗೆ ಇರುಸುಮುರುಸು ಮಾಡುತ್ತಾಳೆಂದೋ, ಅವನಿಗೇ ಗೊತ್ತು. ಕಿಟಕಿಯಿಂದ ಕೋರ್ಟಿನ ಅಂಗಳ ಕಾಣುತ್ತಿತ್ತು. ಕೆಲ್ಸೊ ಮಾಡಿದ ಪೀಠದ ಮೇಲೆ ನಿಂತ ಐಸಮ್ ಹೋಟೆಲಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತ ಬಂದ. ಅವಳ ಕಿಟಕಿಗೆ ಅವನ ಕಣ್ಣು ಬರುವ ಮೊದಲೇ ಇಳಿಸಿಬಿಟ್ಟರು. ಪೀಠ ಮಾತ್ರ ಅಲುಗಲೇ ಇಲ್ಲ.

ಆಮೇಲೆ ಯುದ್ಧ ಬಂತು. ಎರಡೂ ಕಡೆಯ ಸೈನ್ಯ ಊರಿನ ಮೇಲೆ ಹಾದು ಹೋಯಿತು, ಎರಡೂ ಕಡೆಯವರು ಪರ್ನೆಲ್‌ನ ಕೋಳಿಗಳನ್ನು ತಿಂದರು. ಕೆಲ್ಸೊ ಕುರ್ಚಿ ಬಿಟ್ಟು ಶವಪೆಟ್ಟಿಗೆ ಮಾಡಿದ, ಊರುಗೋಲು ಮಾಡಿದ. ಯುದ್ಧದ ನಡುವೆ ಮತ್ತೆ ಎಲೆಕ್ಷನ್ ಬಂದಾಗ ಕೋರ್ಟಿನ ಮೇಜಿನ ಮುಂದೆ ಹೋಗಿ ನಿಂತ. ಈಗ ಆ ಹೆಸರನ್ನು ಹೇಳುವವರು ಹತ್ತಾರು ಜನ ಇದ್ದರು. ಷರೀಫ್ ಕೇಳಿದ. ಕೆಲ್ಸೊ ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ಹಿಂದಕ್ಕೆ ತಿರುಗಿ, ಯಾರೋ ಕರೆದರೆಂಬಂತೆ ಬಾಗಿಲ ಕಡೆ ನೋಡಿದ. ಏನೂ ಹೇಳದೆ ಹೊರಟುಹೋದ. ವಯಸ್ಸಾಯಿತು, ಕಿವುಡಾಗಿದೆ ಎಂದರು. ಅವನಿಗಿನ್ನೂ ನಲವತ್ತೆರಡು.

ಗುಲಾಮರಿಗೆ ಬಿಡುಗಡೆ ಬಂದ ಮರುವರ್ಷ ಮಿಸಿಸಿಪ್ಪಿಯಿಂದ ನಡೆದು ಬಂದ ಒಬ್ಬ ಮನುಷ್ಯ ಡಾರ್ಕಸಳನ್ನು ಹುಡುಕಿಕೊಂಡು ಬಂದ. ಹತ್ತಿಯ ತೋಟದಲ್ಲಿ ಜ್ವರ ಬಂದು ಐಸಮ್ ಸತ್ತು ಮೂರು ವರ್ಷವಾಗಿತ್ತು. ಸಾಯುವ ಮೊದಲು ಏನಾದರೂ ಹೇಳಿದನೇ ಎಂದು ಅವಳು ಕೇಳಿದಳು. “ಬಾಗಿಲ ಹಿಂದೆ ಯಾರೋ ಇದ್ರು ಅಂತಿದ್ದ, ಜ್ವರದಲ್ಲಿ” ಎಂದ ಬಂದವನು. ಅವಳು ಕಪ್ಪು ಬಟ್ಟೆ ಉಟ್ಟಳು, ಮತ್ತೆ ಬಣ್ಣದ್ದು ಉಡಲಿಲ್ಲ.

ಆ ವಾರವೇ ನಾಲ್ಕು ಮೈಲಿ ನಡೆದು ಕೆಲ್ಸೊನ ಮನೆಗೆ ಹೋದಳು. ಅವನು ಅಂಗಳದಲ್ಲಿ ಕುರ್ಚಿಯ ಕಾಲು ಕೆತ್ತುತ್ತಿದ್ದವನು ಅವಳನ್ನು ಕಂಡು ಎದ್ದ. ಕೆತ್ತುವ ಕತ್ತಿ ಕೈಯಿಂದ ಬಿತ್ತು.

“ನಾನು ಡಾರ್ಕಸ್. ಐಸಮನ ಹೆಂಡ್ತಿ.”

“ಗೊತ್ತು.”

“ಅವತ್ತು ನೀವು ಮನೇಲಿದ್ರಾ?”

ಕೆಲ್ಸೊ ಅವಳ ಭುಜದಾಚೆಗೆ ನೋಡಿದ. “ಕಾಡಿಗೆ ಹೋಗಿದ್ದೆ. ತೊಗಟೆ ಸುಲಿಯೋಕೆ.”

ಅವಳು ಅದನ್ನು ನಂಬಿದಳು. ನಂಬದೆ ಅವಳಿಗೆ ಗತಿಯಿರಲಿಲ್ಲ. ಗಂಡನನ್ನು ಆ ಮನೆಗೆ ಕಳಿಸಿದ್ದು ಅವಳ ಬಾಯಿ. ಪುಂಡರ ಬಾಗಿಲಿನ ಆಟವನ್ನು ಎರಡು ಸಲ ಕೇಳಿಯೂ ಗಂಡನಿಗೆ ಹೇಳದೆ ಉಳಿದದ್ದೂ ಅದೇ ಬಾಯಿ. ಮನೆ ಖಾಲಿ ಇತ್ತು ಎಂದಾದರೆ ಅದು ಬರಿಯ ದುರದೃಷ್ಟ. ದುರದೃಷ್ಟದ ಜೊತೆ ಬದುಕಬಹುದು.

ಊರಿನ ಕಪ್ಪು ಜನ ಚರ್ಚು ಕಟ್ಟಿಕೊಂಡರು. ಬಿಡುಗಡೆಯ ನೆನಪಿಗೆ ಪ್ರತಿ ಹೊಸ ವರ್ಷದ ದಿನ ಸಭೆ ಸೇರಿ, ಕೆಲ್ಸೊನನ್ನು ಗಾಡಿ ಕಳಿಸಿ ಕರೆಸಿ ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದರು. ಪಾದ್ರಿ, “ಆ ಹೆಸರನ್ನು ಒಬ್ಬನೇ ಕೂಗಿದವನು” ಎಂದು ತೋರಿಸುತ್ತಿದ್ದ. ಎರಡು ಮನೆಯವರು ಗಂಡುಕೂಸುಗಳಿಗೆ ಹೈರಮ್ ಎಂದು ಹೆಸರಿಟ್ಟರು. ಅವನು ಮುಳ್ಳಿನ ಮೇಲೆ ಕೂತಂತೆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ, ಬೆನ್ನು ಬಾಗಿಲಿನ ಕಡೆಗಿದೆಯಲ್ಲ ಎಂದು ಮತ್ತೆ ಮತ್ತೆ ತಿರುಗುತ್ತಿದ್ದ. ಯಾರಾದರೂ ತಡವಾಗಿ ಬಂದು ಬಾಗಿಲು ತಟ್ಟಿದರೆ ಎದ್ದು ನಿಂತುಬಿಡುತ್ತಿದ್ದ. ಎಷ್ಟು ವಿನಯ ಎನ್ನುತ್ತಿದ್ದರು ಜನ.

ಕಪ್ಪು ಗಂಡಸರಿಗೂ ಓಟು ಬಂದ ವರ್ಷ ಜೂಬಾ ಎರಡು ಕೋಲು ಊರಿಕೊಂಡು ಕೋರ್ಟಿಗೆ ಹೋದ. ಎಂಬತ್ತು ದಾಟಿತ್ತು ಅವನಿಗೆ. ಷರೀಫ್ ಕೇಳಿದ್ದಕ್ಕೆ ಎಷ್ಟು ಜೋರಾಗಿ ಕೂಗಿದನೆಂದರೆ ಕೆಮ್ಮು ಬಂದು ಕೂರಬೇಕಾಯಿತು. ಗುಂಪಿನ ಹಿಂದೆ ನಿಂತಿದ್ದ ಕೆಲ್ಸೊ ಅವನಿಗೆ ನೀರು ತಂದುಕೊಟ್ಟ.

“ನೀವೂ ಹೋಗಿ ಹೇಳಿ, ಧಣಿ. ಯಾಕೆ ನಿಂತಿದೀರಿ?” ಎಂದ ಜೂಬಾ.

“ನನ್ನ ಸರದಿ ಮುಗೀತು ಜೂಬಾ. ಆ ಮೇಜಿನ ಮುಂದೆ ನಿಂತ್ರೆ ಷರೀಫನ ದನಿ ಕೇಳ್ಸೋದಿಲ್ಲ ನಂಗೆ. ಬೇರೆ ದನಿ ಕೇಳ್ಸುತ್ತೆ.”

ಡಾರ್ಕಸ್ ಸ್ವಂತ ಊಟದ ಮನೆ ಇಟ್ಟಿದ್ದಳು. ಕೂರುವವರಿಗೆ ಕುರ್ಚಿ ಬೇಕಲ್ಲ, ಕೆಲ್ಸೊನಿಗೇ ಹೇಳಿದ್ದಳು. ಅವನು ಹನ್ನೆರಡು ಕುರ್ಚಿ ಮಾಡಿಕೊಟ್ಟ. ಸೀಟು ಸಡಿಲವಾದರೆ ತಾನೇ ಬಂದು ಹೆಣೆದುಕೊಡುತ್ತಿದ್ದ. ಅವಳು ಊಟ ಹಾಕುತ್ತಿದ್ದಳು. ಅವನು ಅವಳ ಕಣ್ಣು ನೋಡದೆ ಉಣ್ಣುತ್ತಿದ್ದ. ಹೀಗೆ ವರ್ಷಗಳು ಹೋದವು.

ಒಂದು ಮಾರ್ಚ್ ತಿಂಗಳು, ಇನ್ನೂ ಹಿಮ ಕರಗಿರಲಿಲ್ಲ, ಅವಳ ಒಂದು ಕುರ್ಚಿಯ ಸೀಟು ಪೂರ್ತಿ ಹರಿದುಹೋಯಿತು. ಕೆಲ್ಸೊ ಬಂದು ನೋಡಿ, “ಮೇ ಬರ್ಲಿ, ಹೆಣೆದುಕೊಡ್ತೀನಿ. ಮನೇಲಿ ತೊಗಟೆ ಮುಗಿದಿದೆ” ಎಂದ.

ಪಕ್ಕದ ಮೇಜಿನಲ್ಲಿ ಸಾರು ಕುಡಿಯುತ್ತಿದ್ದ ಗಾಡಿಯವನೊಬ್ಬ ಕೇಳಿದ, “ಕಾಡು ತುಂಬ ಹಿಕರಿ ಇದೆಯಲ್ಲ ಕೆಲ್ಸೊ? ನಾಳೆ ಹೋಗಿ ಸುಲ್ಕೊಂಡ್ ಬಾ. ಮೇ ತನಕ ಆ ಯಮ್ಮ ಗಿರಾಕಿಗಳನ್ನ ನೆಲದ ಮೇಲೆ ಕೂರಿಸ್ಬೇಕಾ?”

“ಈ ಚಳೀಲಿ ಬರುತ್ತಾ? ತೊಗಟೆ ಮರಕ್ಕೆ ಕಚ್ಕೊಂಡಿರುತ್ತೆ. ರಸ ಏರ್ಬೇಕು. ಮೇ, ಜೂನ್, ಅಷ್ಟೇ. ಕ್ರಿಸ್‌ಮಸ್ ಹೊತ್ತಲ್ಲಿ ಸುಲೀತೀನಿ ಅನ್ನೋನು ಹುಚ್ಚ...”

ಮಾತು ಅಲ್ಲಿಗೇ ನಿಂತಿತು. ಅವನು ತಲೆ ಎತ್ತಿದ. ಡಾರ್ಕಸ್ ಸೌಟು ಹಿಡಿದು ನಿಂತಿದ್ದಳು. ಗಾಡಿಯವನು ಸಾರು ಸೊರ್ರನೆ ಹೀರುತ್ತಿದ್ದ. ಕಸುಬಿನವನು ತನ್ನ ಕಸುಬಿನ ಬಗ್ಗೆಯೇ ಅಂಥ ಸುಳ್ಳು ಹೇಳಿದ್ದ. ಊರಿನಲ್ಲಿ ಒಬ್ಬರೂ, ಗಸ್ತಿನವರೂ, ಇಷ್ಟು ವರ್ಷ ಅದನ್ನು ಯೋಚಿಸಿರಲಿಲ್ಲ. ಕೆಲ್ಸೊ ಎದ್ದ, ಹರಿದ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹೊರಟ. ಟೋಪಿ ಮರೆತಿದ್ದ.

ಅವಳು ಯಾರಿಗೂ ಹೇಳಲಿಲ್ಲ. ಮೇ ತಿಂಗಳಲ್ಲಿ ಕುರ್ಚಿ ತಂದಿಟ್ಟ, ಅವಳು ಟೋಪಿ ಕೊಟ್ಟಳು. ಊಟ ಹಾಕಲಿಲ್ಲ, ಅವನು ಕೂರಲೂ ಇಲ್ಲ. ಅಲ್ಲಿಂದ ಒಂಬತ್ತು ವರ್ಷ ಅವರು ಒಂದು ಮಾತೂ ಆಡಲಿಲ್ಲ. ಹೊಸ ವರ್ಷದ ಸಭೆಗೆ ಇಬ್ಬರೂ ಹೋಗುತ್ತಿದ್ದರು. ಅವನು ಮುಂದಿನ ಬೆಂಚು, ಅವಳು ಹಿಂದಿನ ಬೆಂಚು. ಪಾದ್ರಿ ಅವನ ಗುಣಗಾನ ಮಾಡುವಾಗ ಅವಳು ಅವನ ಕತ್ತನ್ನೇ ನೋಡುತ್ತಿದ್ದಳು. ಕತ್ತು ಬೆವರುತ್ತಿತ್ತು, ಆ ಚಳಿಯಲ್ಲಿ. ಎದ್ದು ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೇಳಿದರೆ, ‘ಅಲ್ಲಿಗೆ ಕಳಿಸಿದ್ದು ಯಾರು?’ ಎಂದು ಕೇಳುವವರಿಗೆ ಏನು ಹೇಳುವುದು? ಅವಳೂ ಸುಮ್ಮನಾಗುತ್ತಿದ್ದಳು. ಮನೆಗೆ ಬಂದರೆ ಒಲೆಯ ಸೌದೆ ಚಟ್ ಎಂದರೂ ಯಾರೋ ಬಾಗಿಲು ತಟ್ಟಿದ ಹಾಗೆ ಆಗುತ್ತಿತ್ತು.

ಕೆಲ್ಸೊಗೆ ಅರವತ್ತೇಳಾದಾಗ, ಡಿಸೆಂಬರ್ ಕೊನೆಯಲ್ಲಿ, ನ್ಯುಮೋನಿಯಾ ಹಿಡಿಯಿತು. ಡಾರ್ಕಸಳನ್ನು ಕರೆತರಲು ಅವನೇ ಗಾಡಿ ಕಳಿಸಿದ. ಅವಳು ಹೋದಾಗ ಮಧ್ಯಾಹ್ನ. ಬಾಗಿಲು ಹಾರುಹೊಡೆದಿತ್ತು, ಹಿಮಗಾಳಿ ಮಂಚದವರೆಗೂ ಬರುತ್ತಿತ್ತು. ಅವಳು ಮುಚ್ಚಲು ಹೋದಾಗ, “ಬೇಡ” ಎಂದ. “ವರ್ಷಗಳಿಂದ ಮುಚ್ಚಿಲ್ಲ ನಾನು.”

“ಅದಕ್ಕೇ ಈ ಕಾಯಿಲೆ.”

“ಇರ್ಬಹುದು.”

ಅವಳು ನಿಂತೇ ಇದ್ದಳು. ಕುರ್ಚಿ ಮಾಡುವವನ ಮನೆಯಲ್ಲಿ ಕುರ್ಚಿ ಒಂದೇ ಇತ್ತು, ಬಾಗಿಲಿಗೆ ಎದುರಾಗಿ. ಅದರ ಮೇಲೆ ಕೂರಲು ಅವಳಿಗೆ ಮನಸ್ಸಾಗಲಿಲ್ಲ.

“ನಾನು ಒಳಗಿದ್ದೆ” ಎಂದ ಕೆಲ್ಸೊ.

“ಅದು ಗೊತ್ತು. ಪುಂಡರು ಅಂದ್ಕೊಂಡ್ರಾ? ಅವರು ಬಂದು ಅಳೋದನ್ನ ನಾನು ಮೊದಲೇ ಕೇಳಿದ್ದೆ. ಐಸಮನಿಗೆ ಹೇಳಿರ್ಲಿಲ್ಲ. ಅವರು ಅಂತಲೇ ತೆಗೀಲಿಲ್ಲ ಅಂದ್ರೆ ಹೇಳಿ. ತಪ್ಪು ನನ್ನದಾಗುತ್ತೆ, ಆಗ್ಲಿ. ಹೊತ್ಕೋತೀನಿ. ಆದ್ರೆ ನಿಜ ಹೇಳಿ.”

ಅವನು ಕಣ್ಣು ಮುಚ್ಚಿ ಉಸಿರು ಕೂಡಿಸಿಕೊಂಡ. ಅವಳು ಮೂವತ್ತು ವರ್ಷಕ್ಕೆ ಹತ್ತಿರ ಕಾದಿದ್ದಳು, ಇನ್ನೊಂದು ಗಳಿಗೆ ಕಾದಳು.

“ಮೊದಲು ಹಾಗೇ ಅಂದ್ಕೊಂಡೆ. ಆಮೇಲೆ ಅವನು ನಿನ್ನ ಹೆಸರು ಹೇಳ್ದ. ‘ಪರ್ನೆಲ್ ಹೋಟೆಲಿನ ಡಾರ್ಕಸ್ ಕಳಿಸಿದ್ದು’ ಅಂದ. ಪುಂಡರಿಗೆ ಅದು ಹೊಳೀತಿರ್ಲಿಲ್ಲ. ಆಗ್ಲೇ ಗೊತ್ತಾಯ್ತು. ಎದ್ದೆ. ಅಗಳಿ ಮೇಲೆ ಕೈಯಿಟ್ಟೆ. ಕಬ್ಬಿಣ ತಣ್ಣಗಿತ್ತು, ಈಗ್ಲೂ ಇದೆ ಈ ಅಂಗೈಲಿ. ಕೋರ್ಟ್ ಅಂಗಳದಲ್ಲಿ ಇದ್ದ ಧೈರ್ಯ ಎಲ್ಲಿ ಹೋಯ್ತು ಅಂತ ಹುಡುಕ್ದೆ. ಅಲ್ಲಿ ಒಂದು ಹೆಸರು ಹೇಳಿ ಮನೆಗೆ ಬಂದ್ಬಿಡಬಹುದಿತ್ತು. ಇಲ್ಲಿ ತೆಗೆದ್ರೆ ಅವನು ಒಳಗೆ ಬರ್ತಿದ್ದ.”

“ಅವನು ಕೊನೇಲಿ ಏನಂದ?”

“ಬೇಡ.”

“ಹೇಳಿ.”

“‘ಧಣಿ, ನೀವು ಒಳಗಿದೀರಿ, ನಂಗೊತ್ತು. ಕೆತ್ತೋ ಸದ್ದು ನಾನು ಬಂದ್ಮೇಲೇ ನಿಂತಿದ್ದು’ ಅಂದ. ಸಿಟ್ಟಿರ್ಲಿಲ್ಲ ದನೀಲಿ. ‘ಹೆದರ್ಬೇಡಿ, ಇನ್ನು ತಟ್ಟೋದಿಲ್ಲ’ ಅಂದ. ಮೆಟ್ಟಿಲ ಮೇಲೆ ಕೂತ. ರೊಟ್ಟಿ ಬಿಚ್ಚಿ ತಿಂದ. ಅಗಿಯೋದು ಕೇಳಿಸ್ತಿತ್ತು ನಂಗೆ. ಕುದುರೆ ಸದ್ದು ಬಂತು. ಮಂಜಿತ್ತು, ಓಡಬಹುದಿತ್ತು. ಓಡ್ಲಿಲ್ಲ. ಯಾಕೆ ಓಡ್ಲಿಲ್ಲ ಅಂತ ನಾನು ದಿನಾ ಕೇಳ್ಕೋತೀನಿ. ಇನ್ನೂ ಒಂದು ಗಳಿಗೆ ನಾನು ತೆಗೀಬಹುದು ಅಂದ್ಕೊಂಡಿದ್ದ ಅಂತ ಕಾಣುತ್ತೆ.”

ಡಾರ್ಕಸ್ ಆಗ ಆ ಕುರ್ಚಿಯ ಮೇಲೆ ಕೂತಳು. ಎದುರಿಗೆ ತೆರೆದ ಬಾಗಿಲು, ಹೊಸಿಲು, ಮೆಟ್ಟಿಲ ಮೇಲೆ ಹಿಮ. ರೊಟ್ಟಿ ತಿಂದನಲ್ಲ ಎಂಬ ಒಂದೇ ಮಾತು ಅವಳ ತಲೆಯಲ್ಲಿ ತಿರುಗುತ್ತಿತ್ತು. ಹಸಿದುಕೊಂಡು ಹೋಗಲಿಲ್ಲ. ಅವಳು ಅಳಲಿಲ್ಲ, ಶಾಪವನ್ನೂ ಹಾಕಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

“ಪಾದ್ರಿ ನಿನ್ನೆ ಬಂದಿದ್ರು” ಎಂದ ಕೆಲ್ಸೊ. “ನಿಮ್ಮ ಸ್ಮಶಾನದಲ್ಲಿ ನಂಗೆ ಜಾಗ ಕೊಡ್ತಾರಂತೆ. ಕಲ್ಲು ನಿಲ್ಲಿಸ್ತಾರಂತೆ. ಹೆಸರು ಕೂಗಿದವನು ಅಂತ ಕೆತ್ತಿಸ್ತಾರಂತೆ.”

“ಕೇಳಿದೀನಿ. ಎಲ್ಲರೂ ಕೈಲಾದ್ದು ಕೊಟ್ಟಿದಾರೆ.”

“ನೀನು?”

“ಕೊಟ್ಟಿಲ್ಲ.”

ಅವನ ಮುಖದಲ್ಲಿ ನಗುವಿನಂಥದ್ದೊಂದು ಬಂದುಹೋಯಿತು. ಆಮೇಲೆ ಮೊಣಕೈ ಊರಿ ಏಳಲು ನೋಡಿದ, ಆಗಲಿಲ್ಲ. ಅವಳು ತಡೆಯಲೂ ಇಲ್ಲ, ಹಿಡಿಯಲೂ ಇಲ್ಲ. ಅವನು ಅವಳನ್ನು ಅಷ್ಟು ವರ್ಷಗಳಲ್ಲಿ ಮೊದಲ ಸಲ ಕಣ್ಣಿಟ್ಟು ನೋಡಿದ.

“ಇನ್ನು ಮೂರು ದಿನಕ್ಕೆ ಹೊಸ ವರ್ಷದ ಸಭೆ. ನಾನಿರ್ಲಿ, ಇಲ್ದೆ ಇರ್ಲಿ, ನೀನು ಎದ್ದು ನಿಂತ್ಕೋ, ಮಿಸೆಸ್ ಡಾರ್ಕಸ್. ಬಾಗಿಲು ತೆಗೀದೆ ಒಳಗೆ ಕೂತಿದ್ದವನು ಈ ಕೆಲ್ಸೊ ಅಂತ ಹೇಳು. ಐಸಮ್ ಬಾಗಿಲಾಚೆ ನಿಂತು ಹೇಳಿದ್ದನ್ನ ಒಂದಕ್ಷರ ಬಿಡದೆ ಹೇಳು. ನನ್ನ ಕೈಲಿ ಆಗ್ಲಿಲ್ಲ. ನೀನು ಗಟ್ಟಿಯಾಗಿ ಹೇಳು, ಹಿಂದಿನ ಬೆಂಚಿನೋರಿಗೂ ಕೇಳೋ ಹಾಗೆ.”